ಕೊಲ್ಲಲು ಕೊಟ್ಟ ಹಣ ಕಾಡನ್ನು ಕಾಯಬಲ್ಲದೇ?

2014ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ವಿಚಿತ್ರವಾದ ಹರಾಜೊಂದು ನಡೆಯಿತು. ಹರಾಜಿಗೆ ಬಂದದ್ದು ಮನೆಯಲ್ಲ, ಹೊಲವಲ್ಲ, ಒಡವೆಯೂ ಅಲ್ಲ. ಆಫ್ರಿಕ ಖಂಡದ ನಮೀಬಿಯಾ ದೇಶದಲ್ಲಿ ಒಂದು ಕಪ್ಪು ಘೇಂಡಾಮೃಗವನ್ನು ಗುಂಡಿಟ್ಟು ಕೊಲ್ಲುವ ಪರವಾನಗಿ. ಸವಾಲು 3,50,000 ಡಾಲರಿಗೆ ನಿಂತಿತು. ಅಂದಿನ ಲೆಕ್ಕದಲ್ಲಿ ಅದು ನಮ್ಮ ಎರಡು ಕೋಟಿ ರೂಪಾಯಿಗಳಿಗೂ ಮಿಗಿಲಾದ ಮೊತ್ತ. ಆಗ ಇಡೀ ಪ್ರಪಂಚದಲ್ಲಿ ಉಳಿದಿದ್ದ ಕಪ್ಪು ಘೇಂಡಾಮೃಗಗಳು ಸುಮಾರು ಐದು ಸಾವಿರ. ಅಂತಹ ಅಪರೂಪದ ಜೀವಿಯನ್ನು ಕೊಲ್ಲುವ ಹಕ್ಕನ್ನು ಮಾರಿದವರು, “ಈ ಜೀವಿಯನ್ನು ಉಳಿಸುವ ಸಲುವಾಗಿಯೇ ನಾವಿದನ್ನು ಮಾರುತ್ತಿದ್ದೇವೆ” ಎಂದರು. ಮುಂದಿನ ವರ್ಷ, 2015ರ ಮೇ ತಿಂಗಳಲ್ಲಿ, ಆ ಬೇಟೆ ನಡೆದೇಹೋಯಿತು.

ಅದಾಗಿ ಎರಡು ತಿಂಗಳೊಳಗೆ, ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಗಡಿಯಾಚೆ ಸೆಸಿಲ್ ಎಂಬ ಹೆಸರಿನ ಸಿಂಹವೊಂದನ್ನು ಅಮೆರಿಕದ ಬೇಟೆಗಾರರೊಬ್ಬರು ಕೊಂದರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದರ ಕೊರಳಿಗೆ ಪಟ್ಟಿ ಕಟ್ಟಿ ಅದರ ಚಲನವಲನಗಳನ್ನು ವರ್ಷಗಳಿಂದ ಗಮನಿಸುತ್ತಿದ್ದರು. ಬಾಣ ತಗುಲಿದ ಆ ಪ್ರಾಣಿ ಒಡನೆ ಸಾಯದೆ ಹಲವು ಗಂಟೆಗಳ ಕಾಲ ನರಳಿ ಸತ್ತ ಸುದ್ದಿ ಹರಡಿದಾಗ ಪ್ರಪಂಚವೇ ಕೋಪಗೊಂಡಿತು. ಆ ಬೇಟೆಗಾರನಿಗೂ, ಘೇಂಡಾಮೃಗದ ಪರವಾನಗಿ ಕೊಂಡವನಿಗೂ ಜೀವಬೆದರಿಕೆಗಳು ಬಂದವು. ಪ್ರಾಣಿಯ ಜೀವ ಅಮೂಲ್ಯವೆಂದು ಹೇಳುತ್ತಲೇ ಮನುಷ್ಯನ ಜೀವ ತೆಗೆಯುತ್ತೇವೆ ಎನ್ನುವವರೂ ಹುಟ್ಟಿಕೊಂಡರು!

ಪ್ರಿಯ ಓದುಗರೇ, ಎಲ್ಲೋ ಆಫ್ರಿಕದಲ್ಲಿ, ಯಾರೋ ಸಿರಿವಂತರು ಆಡುವ ಬೇಟೆಯ ವಿಷಯ ನಮ್ಮ ಕುಟುಂಬಗಳಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ವಿವಾದದ ಹೊಟ್ಟೆಯಲ್ಲಿ ನಮ್ಮೆಲ್ಲರ ಮನೆಗಳಲ್ಲೂ ಏಳುವ ಒಂದು ಹಳೆಯ ಪ್ರಶ್ನೆಯಿದೆ: ಫಲ ಒಳ್ಳೆಯದಾದರೆ ಕಾರ್ಯವೂ ಒಳ್ಳೆಯದಾಗುತ್ತದೆಯೇ? ಎರಡನೆಯದಾಗಿ, ಕಾಡುಪ್ರಾಣಿಗಳ ನೆರೆಯಲ್ಲಿ ಬದುಕುವ ಬಡವರು ಆಫ್ರಿಕದಲ್ಲಿ ಮಾತ್ರ ಇಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು, ಚಾಮರಾಜನಗರಗಳಲ್ಲಿ ಅವರು ನಮ್ಮದೇ ಧರ್ಮಕೇಂದ್ರಗಳ ಸದಸ್ಯರು.

ಎರಡೂ ಕಡೆಯ ಮಾತು ಕೇಳೋಣ

ಆನೆ, ಸಿಂಹ, ಚಿರತೆ, ಘೇಂಡಾಮೃಗ, ಕಾಡೆಮ್ಮೆಗಳಂತಹ ಪ್ರಾಣಿಗಳನ್ನು ಹಣ ಕೊಟ್ಟು ಬೇಟೆಯಾಡಿ, ಅವುಗಳ ತಲೆ, ಕೊಂಬು, ದಂತ, ಚರ್ಮಗಳನ್ನು ನೆನಪಿನ ಕಾಣಿಕೆಯಾಗಿ ಮನೆಗೊಯ್ಯುವುದಕ್ಕೆ ಟ್ರೋಫಿ ಬೇಟೆ ಎನ್ನುತ್ತಾರೆ. ಇದು ಕಳ್ಳಬೇಟೆಯಲ್ಲ. ಸರ್ಕಾರವೇ ಇಂತಿಷ್ಟು ಪ್ರಾಣಿಗಳೆಂದು ಗೊತ್ತುಮಾಡಿ, ಪರವಾನಗಿ ಕೊಟ್ಟು ನಡೆಸುವ ವ್ಯವಹಾರ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಸಭೆ 2004ರಲ್ಲಿ, ನಮೀಬಿಯಾ ಮತ್ತು ದಕ್ಷಿಣ ಆಫ್ರಿಕ ದೇಶಗಳಿಗೆ ವರ್ಷಕ್ಕೆ ತಲಾ ಐದು ಕಪ್ಪು ಘೇಂಡಾಮೃಗಗಳ ಬೇಟೆಗೆ ಒಪ್ಪಿಗೆ ನೀಡಿತು. ಸಂತಾನಶಕ್ತಿ ಕಳೆದುಕೊಂಡ ಮುದಿ ಗಂಡುಗಳು ಎಳೆಯ ಗಂಡುಗಳನ್ನೂ, ಕೆಲವೊಮ್ಮೆ ಹೆಣ್ಣು ಮರಿಗಳನ್ನೂ ತಿವಿದು ಕೊಲ್ಲುತ್ತವೆ. ಅಂತಹದೊಂದನ್ನು ತೆಗೆದರೆ ಹಿಂಡಿಗೇ ಒಳಿತು ಎಂಬುದು ಅವರ ವಾದ.

ಈ ವಾದವನ್ನು ಹಾಸ್ಯ ಮಾಡಿ ತಳ್ಳಿಹಾಕುವಂತಿಲ್ಲ. ಬಿಳಿ ಘೇಂಡಾಮೃಗದ ಕಥೆಯನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಕ್ಷಿಣ ಆಫ್ರಿಕದ ಒಂದು ಮೂಲೆಯಲ್ಲಿ ಕೆಲವೇ ಹತ್ತುಗಳಷ್ಟು ಉಳಿದಿದ್ದ ಈ ಜೀವಿ, ಕಟ್ಟುನಿಟ್ಟಾದ ರಕ್ಷಣೆಯಿಂದ ನಿಧಾನವಾಗಿ ಚೇತರಿಸಿಕೊಂಡಿತು. 1968ರಲ್ಲಿ ಅಲ್ಲಿ ಮಿತವಾದ ಬೇಟೆಗೆ ಅವಕಾಶ ಸಿಕ್ಕಾಗ ಖಾಸಗಿ ಜಮೀನುದಾರರೂ ದನಗಳ ಬದಲು ಘೇಂಡಾಮೃಗಗಳನ್ನು ಸಾಕಲು ಮುಂದಾದರು. ಇಂದು ಅವುಗಳ ಸಂಖ್ಯೆ ಹದಿನೈದು ಸಾವಿರಕ್ಕೂ ಹೆಚ್ಚು. ಅವುಗಳಿಗೆ ದೊಡ್ಡ ಶತ್ರು ಪರವಾನಗಿ ಪಡೆದ ಬೇಟೆಗಾರನಾಗಿರಲಿಲ್ಲ. ಕೊಂಬಿಗಾಗಿ ಬರುವ ಕಳ್ಳಬೇಟೆಗಾರನಾಗಿದ್ದ. 2014ರ ಒಂದೇ ವರ್ಷದಲ್ಲಿ ದಕ್ಷಿಣ ಆಫ್ರಿಕದಲ್ಲಿ ಕಳ್ಳರು ಕೊಂದ ಘೇಂಡಾಮೃಗಗಳು 1,215.

ನಮೀಬಿಯಾ ದೇಶವು 1996ರಲ್ಲಿ ಕಾನೂನನ್ನು ಬದಲಾಯಿಸಿ, ಹಳ್ಳಿಯ ಸಮುದಾಯಗಳೇ ತಮ್ಮ ಪ್ರದೇಶದ ವನ್ಯಜೀವಿಗಳನ್ನು ನೋಡಿಕೊಂಡು ಅದರ ಆದಾಯವನ್ನು ಅನುಭವಿಸುವ ಅವಕಾಶ ಕೊಟ್ಟಿತು. ಇಂದು ಅಲ್ಲಿ 80ಕ್ಕೂ ಹೆಚ್ಚು ಸಮುದಾಯ ಸಂರಕ್ಷಣಾ ಕ್ಷೇತ್ರಗಳಿದ್ದು, ದೇಶದ ಸುಮಾರು ಐದನೆಯ ಒಂದು ಭಾಗದ ನೆಲ ಅವುಗಳ ಕೈಯಲ್ಲಿದೆ. ಕಾವಲುಗಾರರ ಸಂಬಳ, ಬೆಳೆನಷ್ಟದ ಪರಿಹಾರ, ಹಳ್ಳಿಗರಿಗೆ ಹಂಚುವ ಮಾಂಸ, ಇವೆಲ್ಲಕ್ಕೂ ಪ್ರವಾಸೋದ್ಯಮದ ಜೊತೆಗೆ ಬೇಟೆಯ ಹಣವೂ ಆಧಾರ. ಪ್ರವಾಸಿಗರು ಹೋಗದ ಒಣಭೂಮಿಗಳಲ್ಲಂತೂ ಬೇಟೆಯ ಹಣವೇ ಮುಖ್ಯ ಆಧಾರ. ನಮ್ಮ ನೆರೆಯ ಪಾಕಿಸ್ತಾನದ ಬೆಟ್ಟಗಳಲ್ಲಿ ತಿರುಚಿದ ಕೊಂಬಿನ ಮಾರ್ಖೋರ್ ಎಂಬ ಕಾಡುಮೇಕೆಯಿದೆ. ಅದರ ಒಂದು ಬೇಟೆಯ ಪರವಾನಗಿ ಲಕ್ಷ ಡಾಲರಿಗೂ ಮೀರಿ ಮಾರಾಟವಾದದ್ದುಂಟು. ಆ ಹಣದಲ್ಲಿ ನೂರಕ್ಕೆ ಎಂಬತ್ತು ಪಾಲು ಬೆಟ್ಟದ ಹಳ್ಳಿಗಳಿಗೇ ಸಲ್ಲುತ್ತದೆ. ಹಿಂದೆ ಕಂಡಕಂಡಲ್ಲಿ ಮೇಕೆಗಳನ್ನು ಹೊಡೆಯುತ್ತಿದ್ದ ಜನ ಈಗ ಅವುಗಳನ್ನು ಕಾಯುತ್ತಾರೆ. 2015ರಲ್ಲಿ ಮಾರ್ಖೋರನ್ನು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಕಡಿಮೆ ಅಪಾಯದ ಪಟ್ಟಿಗೆ ವರ್ಗಾಯಿಸಲಾಯಿತು.

ಇನ್ನೊಂದು ಕಡೆ, 1977ರಲ್ಲೇ ಬೇಟೆಯನ್ನು ನಿಷೇಧಿಸಿದ ಕೀನ್ಯಾ ದೇಶದಲ್ಲಿ 2016ರವರೆಗಿನ ಅವಧಿಯಲ್ಲಿ ವನ್ಯಜೀವಿಗಳ ಸಂಖ್ಯೆ ಸರಾಸರಿ ನೂರಕ್ಕೆ 68ರಷ್ಟು ಕುಸಿದಿದೆ ಎಂದು ಅಧ್ಯಯನವೊಂದು ತೋರಿಸಿತು. ನಿಷೇಧದಿಂದಲೇ ಹೀಗಾಯಿತು ಎನ್ನಲಾಗದು. ಜನಸಂಖ್ಯೆ, ಜಾನುವಾರು, ಬೇಲಿ, ಬರಗಾಲ ಎಲ್ಲವೂ ಅದಕ್ಕೆ ಕಾರಣ. ಆದರೆ ಬಂದೂಕನ್ನು ನಿಲ್ಲಿಸಿದ ಮಾತ್ರಕ್ಕೆ ಪ್ರಾಣಿಗಳು ಉಳಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಬೇಟೆಯ ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲವೇ? ಖಂಡಿತ ಇದೆ. ಹಿಂಡಿನ ಯಜಮಾನನಾದ ಗಂಡುಸಿಂಹವನ್ನು ಕೊಂದರೆ ಅದರ ಜಾಗಕ್ಕೆ ಬರುವ ಹೊಸ ಗಂಡುಗಳು ಹಳೆಯ ಮರಿಗಳನ್ನು ಕೊಂದುಹಾಕುತ್ತವೆ. ಒಂದು ಗುಂಡಿಗೆ ಹಲವು ಜೀವಗಳು ಬಲಿ. ಟಾಂಜಾನಿಯಾದಲ್ಲಿ ನಡೆದ ಅಧ್ಯಯನಗಳು ಮಿತಿಮೀರಿದ ಬೇಟೆಯಿಂದ ಸಿಂಹಗಳ ಸಂಖ್ಯೆ ಇಳಿದದ್ದನ್ನು ತೋರಿಸಿವೆ. ಎಷ್ಟೋ ಕಡೆ ಹಣವು ಮಧ್ಯವರ್ತಿಗಳ, ಅಧಿಕಾರಿಗಳ ಕೈಯಲ್ಲೇ ಉಳಿದು, ಹಳ್ಳಿಗೆ ತಲುಪುವುದು ಚಿಲ್ಲರೆ ಕಾಸು ಮಾತ್ರ. ಇನ್ನು ದಕ್ಷಿಣ ಆಫ್ರಿಕದಲ್ಲಿ ಸಾವಿರಾರು ಸಿಂಹಗಳನ್ನು ಬೇಲಿಯೊಳಗೆ ಸಾಕಿ, ಓಡಿ ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಬಿಟ್ಟು, ಹಣ ಕೊಟ್ಟವರಿಂದ ಹೊಡೆಸುವ ದಂಧೆಯೂ ಬೆಳೆಯಿತು. 2021ರಲ್ಲಿ ಆ ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ ಅದನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು.

ಹೀಗೆ ಎರಡೂ ಕಡೆ ಸತ್ಯಾಂಶಗಳಿವೆ. ಅಂಕಿಸಂಖ್ಯೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ಪ್ರಶ್ನೆ ಬಗೆಹರಿಯುವುದಿಲ್ಲ. ಏಕೆಂದರೆ ಯಾವುದು ಲಾಭ ಎಂಬುದು ಒಂದು ಪ್ರಶ್ನೆ, ಯಾವುದು ಸರಿ ಎಂಬುದು ಇನ್ನೊಂದು ಪ್ರಶ್ನೆ.

ವಿಶ್ವಾಸದ ಬೆಳಕಿನಲ್ಲಿ

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಮಾನವನಿಗೆ ಸಕಲ ಜೀವಿಗಳ ಮೇಲೆ ದೊರೆತನವನ್ನು ಕೊಡುತ್ತಾರೆ. ಈ ಮಾತನ್ನೇ ಹಿಡಿದುಕೊಂಡು, “ಪ್ರಾಣಿಗಳಿರುವುದೇ ನಮಗಾಗಿ; ಏನು ಬೇಕಾದರೂ ಮಾಡಬಹುದು” ಎಂದು ವಾದಿಸುವವರಿದ್ದಾರೆ. ಆದರೆ ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಆ ದೊರೆಯನ್ನು ತೋಟ ಕಾಯುವ ಕೆಲಸಕ್ಕೆ ಹಚ್ಚಲಾಗಿದೆ. ಉತ್ತು ಕಾಯುವವನು ತೋಟದ ಒಡೆಯನಲ್ಲ, ಒಡೆಯನಿಗೆ ಲೆಕ್ಕ ಒಪ್ಪಿಸಬೇಕಾದವನು. ಹಕ್ಕಿಯ ಗೂಡು ಸಿಕ್ಕಿದಾಗ ಮರಿಗಳೊಂದಿಗೆ ತಾಯಿಯನ್ನೂ ಹಿಡಿಯಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಏಳನೆಯ ವರ್ಷ ಹೊಲವನ್ನು ಬೀಳುಬಿಟ್ಟು, ಬಡವರು ತಿಂದುಳಿದದ್ದನ್ನು ಕಾಡುಮೃಗಗಳು ತಿನ್ನಲೆಂದು ವಿಮೋಚನಾಕಾಂಡ ಹೇಳುತ್ತದೆ. ಬಡವನೂ ಕಾಡುಪ್ರಾಣಿಯೂ ಒಂದೇ ವಾಕ್ಯದಲ್ಲಿ, ಆದರೆ ಬಡವನು ಮೊದಲು. ಈ ಕ್ರಮವನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಮಾಂಸ ತಿನ್ನುವುದು, ಮೀನು ಹಿಡಿಯುವುದು ಪಾಪವೆಂದು ನಮ್ಮ ಧರ್ಮಸಭೆ ಎಂದೂ ಬೋಧಿಸಿಲ್ಲ. ಯೇಸುಸ್ವಾಮಿಯ ಮೊದಲ ಶಿಷ್ಯರೇ ಬೆಸ್ತರು. ಸಂತ ಥಾಮಸ್ ಅಕ್ವಿನಾಸರು, ವಿವೇಕವುಳ್ಳ ಮಾನವನು ತನ್ನ ಅಗತ್ಯಕ್ಕಾಗಿ ಪ್ರಾಣಿಗಳನ್ನು ಬಳಸಬಹುದೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಪ್ರಾಣಿಗಳ ಬಗ್ಗೆ ದಯೆ ತೋರಬೇಕೆಂಬ ಹಳೆಯ ಒಡಂಬಡಿಕೆಯ ಕಟ್ಟಳೆಗಳನ್ನು ವಿವರಿಸುವಾಗ, ಪ್ರಾಣಿಯ ನೋವಿಗೆ ಮರುಗುವವನು ಮನುಷ್ಯನ ನೋವಿಗೂ ಮರುಗುತ್ತಾನೆಂಬ ಆಳವಾದ ಮಾತನ್ನೂ ಅವರು ಸೇರಿಸುತ್ತಾರೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಎರಡನ್ನೂ ಕೂಡಿಸಿ ಹೇಳುತ್ತದೆ: ಆಹಾರಕ್ಕೂ ಬಟ್ಟೆಗೂ ಪ್ರಾಣಿಗಳನ್ನು ಬಳಸುವುದು ನ್ಯಾಯ, ಅನಗತ್ಯವಾಗಿ ಅವುಗಳನ್ನು ಹಿಂಸಿಸುವುದು, ಕೊಲ್ಲುವುದು ಮಾನವನ ಘನತೆಗೇ ವಿರುದ್ಧ. ಗಮನಿಸಿ, ಇಲ್ಲಿ ಪ್ರಾಣಿಯ ಜೊತೆಗೆ ಕೊಂದವನ ಘನತೆಯ ಮಾತೂ ಬರುತ್ತದೆ. ಅದೇ ಭಾಗದಲ್ಲಿ, ಬಡವರ ಕಷ್ಟ ನೀಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲವೆಂಬ ಎಚ್ಚರಿಕೆಯಿದೆ.

ಬೇಟೆಯ ವಿಷಯದಲ್ಲಿ ಧರ್ಮಸಭೆಯ ನೆನಪು ಇನ್ನೂ ಹಳೆಯದು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಗುರುಗಳಿಗೆ ಬೇಟೆಯನ್ನು ನಿಷೇಧಿಸಿತು. ಬೇಟೆಗಾರರ ಪಾಲಕರೆಂದು ಯೂರೋಪಿನವರು ಗೌರವಿಸುವ ಸಂತ ಹ್ಯೂಬರ್ಟರ ಐತಿಹ್ಯವೂ ಅರ್ಥಪೂರ್ಣವಾದದ್ದು. ಶುಭ ಶುಕ್ರವಾರದಂದು, ಎಲ್ಲರೂ ದೇವಾಲಯದಲ್ಲಿರುವಾಗ ಕಾಡಿಗೆ ಹೋದ ಆ ಶ್ರೀಮಂತನಿಗೆ ಒಂದು ಭವ್ಯವಾದ ಗಂಡುಜಿಂಕೆ ಎದುರಾಗುತ್ತದೆ. ಅದರ ಕೊಂಬುಗಳ ನಡುವೆ ಅವನು ಶಿಲುಬೆಯನ್ನು ಕಾಣುತ್ತಾನೆ. ಗೋಡೆಗೆ ತೂಗುಹಾಕಲು ಆಸೆಪಟ್ಟ ಕೊಂಬಿನ ಎದುರು ಮೊಣಕಾಲೂರಬೇಕಾಯಿತು. ಬೇಟೆಗಾರರ ಪಾಲಕ ಸಂತರೇ ಬೇಟೆಯನ್ನು ನಿಲ್ಲಿಸಿ ಬೇರೆ ದಾರಿ ಹಿಡಿದವರೆಂಬುದನ್ನು ನಾವು ಮರೆಯಬಾರದು.

ಕೃತ್ಯ, ಉದ್ದೇಶ, ಸನ್ನಿವೇಶ

ಯಾವುದೇ ಕಾರ್ಯದ ಒಳಿತು ಕೆಡುಕನ್ನು ಅಳೆಯಲು ಧರ್ಮಸಭೆ ಮೂರು ಪ್ರಶ್ನೆಗಳನ್ನು ಕಲಿಸಿದೆ. ಮಾಡಿದ್ದೇನು? ಯಾವ ಉದ್ದೇಶದಿಂದ ಮಾಡಿದ್ದು? ಎಂತಹ ಸನ್ನಿವೇಶದಲ್ಲಿ, ಯಾವ ಪರಿಣಾಮದೊಂದಿಗೆ ಮಾಡಿದ್ದು? ಒಂದು ಕಾರ್ಯ ಒಳ್ಳೆಯದೆನಿಸಬೇಕಾದರೆ ಮೂರೂ ಒಳ್ಳೆಯದಿರಬೇಕು. ಈ ಮೂರನ್ನೂ ಟ್ರೋಫಿ ಬೇಟೆಗೆ ಹಚ್ಚಿ ನೋಡೋಣ.

ಕೃತ್ಯ: ಒಂದು ಪ್ರಾಣಿಯನ್ನು ಕೊಲ್ಲುವುದು. ಇದು ತನ್ನಷ್ಟಕ್ಕೆ ತಾನೇ ಕೊಲೆಪಾತಕವಲ್ಲ. ಆದ್ದರಿಂದ ಬೇಟೆಗಾರನನ್ನು ಕೊಲೆಗಡುಕನೆಂದು ಕರೆಯುವುದು, ಅವನ ಮನೆಯವರಿಗೆ ಬೆದರಿಕೆ ಹಾಕುವುದು ತಪ್ಪು. ಮನುಷ್ಯನೂ ಸಿಂಹವೂ ಒಂದೇ ತೂಕವೆಂದು ನಾವು ನಂಬುವುದಿಲ್ಲ.

ಉದ್ದೇಶ: ಇಲ್ಲಿ ತೊಡಕು ಶುರುವಾಗುತ್ತದೆ. ಬೇಟೆಗಾರನಿಗೆ ಹಸಿವಿಲ್ಲ, ಮಾಂಸ ಹೆಚ್ಚಾಗಿ ಹಳ್ಳಿಯವರಿಗೇ ಸಿಗುತ್ತದೆ. ಪ್ರಾಣಿ ಅವನ ಬೆಳೆಯನ್ನು ತಿಂದಿಲ್ಲ, ಅವನ ಮಗುವಿನ ಮೇಲೆ ಎರಗಿಲ್ಲ. ಅವನು ಮನೆಗೆ ಒಯ್ಯುವುದು ತಲೆಯನ್ನು. ಅದೂ ಎಂತಹ ತಲೆ? ಎಲ್ಲಕ್ಕಿಂತ ದೊಡ್ಡ ಕೊಂಬಿನದು, ಎಲ್ಲಕ್ಕಿಂತ ಉದ್ದದ ದಂತದ್ದು. ಲಂಡನ್ನಿನ ರೋಲೆಂಡ್ ವಾರ್ಡ್ ಎಂಬ ಚರ್ಮಕಲಾವಿದ 1892ರಲ್ಲಿ ಆರಂಭಿಸಿದ ದಾಖಲೆ ಪುಸ್ತಕದಲ್ಲಿ ಕೊಂಬುಗಳ ಅಳತೆಯನ್ನು ಬೇಟೆಗಾರರ ಹೆಸರಿನೊಂದಿಗೆ ನಮೂದಿಸುವ ಪದ್ಧತಿ ಬೆಳೆಯಿತು. ಸೃಷ್ಟಿಕರ್ತರು ಪ್ರಾಣಿಗೆ ಕೊಟ್ಟ ಅಂದವನ್ನು ಮನುಷ್ಯ ತನ್ನ ಹೆಸರಿನ ಮುಂದೆ ಬರೆದುಕೊಳ್ಳುವುದಕ್ಕೆ ನಮ್ಮ ಹಿರಿಯರು ಒಣಜಂಭ ಎಂದು ಹೆಸರಿಟ್ಟಿದ್ದರು.

ಬೇಟೆಗಾರರು ಇದನ್ನು ಒಪ್ಪುವುದಿಲ್ಲ. ಕಾಡಿನ ಮೌನ, ದಿನಗಟ್ಟಲೆ ಹೆಜ್ಜೆಜಾಡು ಹಿಡಿದು ನಡೆಯುವ ತಾಳ್ಮೆ, ಅಪಾಯದೆದುರಿನ ಧೈರ್ಯ, ಇವೇ ನಮಗೆ ಮುಖ್ಯವೆನ್ನುತ್ತಾರೆ. ಅವರಲ್ಲಿ ಅನೇಕರು ಕಾಡನ್ನು ನಿಜವಾಗಿಯೂ ಪ್ರೀತಿಸುತ್ತಾರೆಂಬುದನ್ನು ನಾನು ನಂಬುತ್ತೇನೆ. ಹಾಗಿದ್ದರೆ ಒಂದು ಸರಳವಾದ ಪರೀಕ್ಷೆಯಿದೆ. “ಅದೇ ಹಣ ಕೊಡಿ. ಅದೇ ಕಾಡು, ಅದೇ ನಡಿಗೆ, ಅದೇ ತಾಳ್ಮೆ, ಅದೇ ಅಪಾಯ. ಕೊನೆಯ ಗಳಿಗೆಯಲ್ಲಿ ಮಾತ್ರ ಗುಂಡು ಹಾರಿಸದೆ ಹಿಂದಿರುಗಿ” ಎಂದರೆ ಒಪ್ಪುತ್ತಾರೆಯೇ? ಒಪ್ಪಿದರೆ ಅವರ ಪ್ರೀತಿ ದೊಡ್ಡದು. ಒಪ್ಪದಿದ್ದರೆ, ಅವರು ಹಣ ಕೊಟ್ಟು ಕೊಂಡದ್ದು ನಡಿಗೆಯನ್ನೂ ಅಲ್ಲ, ಸಂರಕ್ಷಣೆಯನ್ನೂ ಅಲ್ಲ, ಕೊಲ್ಲುವ ಸುಖವನ್ನು. ಸಂರಕ್ಷಣೆ ಅದರ ಜೊತೆಗೆ ಸಿಗುವ ಕೊಸರು ಅಷ್ಟೇ.

ಸನ್ನಿವೇಶ: ಹಣದಿಂದ ಶಾಲೆ ನಡೆಯುತ್ತದೆ, ಕಾವಲುಗಾರನಿಗೆ ಸಂಬಳ ಸಿಗುತ್ತದೆ, ಪ್ರಾಣಿಗಳ ಸಂಖ್ಯೆ ಹೆಚ್ಚುತ್ತದೆ. ಇದು ನಿಜವಾದ ಒಳಿತು. ಆದರೆ ಒಳ್ಳೆಯ ಪರಿಣಾಮವು ಕೆಟ್ಟ ಉದ್ದೇಶವನ್ನು ತೊಳೆದು ಶುಭ್ರ ಮಾಡಲಾರದು. ಒಳಿತಾಗಲೆಂದು ಕೆಡುಕನ್ನು ಮಾಡೋಣ ಎನ್ನುವವರನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಖಂಡಿಸುತ್ತಾರೆ.

ನಮ್ಮ ಮನೆಯಂಗಳದ ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ರಾಜ್ಯದ ಬೊಕ್ಕಸಕ್ಕೆ ಮದ್ಯದ ಅಬಕಾರಿ ಸುಂಕದಿಂದ ದೊಡ್ಡ ವರಮಾನ ಬರುತ್ತದೆ. ಆ ವರಮಾನದಿಂದ ಶಾಲೆಗಳು ನಡೆಯುತ್ತವೆ, ಔಷಧಿ ಬರುತ್ತದೆ. ಹಾಗೆಂದು ಸಂಜೆ ಕುಡಿದು ಬಂದ ತಂದೆಯೊಬ್ಬನು, “ನಾನು ಶಾಲೆ ಕಟ್ಟಿಸಿ ಬಂದೆ” ಎಂದರೆ ಹೆಂಡತಿ ಮಕ್ಕಳು ಒಪ್ಪುತ್ತಾರೆಯೇ? ಅದೇ ಸಮಯದಲ್ಲಿ ಆ ಶಾಲೆಯಲ್ಲಿ ಓದುವ ಮಗು ಪಾಪದ ಪಾಲುದಾರನೆಂದು ಯಾರಾದರೂ ಹೇಳುತ್ತಾರೆಯೇ? ಎರಡೂ ಇಲ್ಲ. ಹಣ ಒಂದೇ ಆದರೂ ಕೊಟ್ಟವನ ಮನಸ್ಸು ಬೇರೆ, ಪಡೆದವನ ಅಗತ್ಯ ಬೇರೆ.

ಹಳ್ಳಿಯವನ ಪಾಲಿನ ನ್ಯಾಯ

ಈ ಭೇದವೇ ನಮ್ಮ ಪ್ರಶ್ನೆಗೆ ಕೀಲಿಕೈ. ನೀತಿಶಾಸ್ತ್ರದಲ್ಲಿ ಸಹಭಾಗಿತ್ವದ ಬಗ್ಗೆ ಒಂದು ಹಳೆಯ ವಿವೇಚನೆಯಿದೆ. ಇನ್ನೊಬ್ಬನ ಕೆಟ್ಟ ಉದ್ದೇಶವನ್ನು ತನ್ನದಾಗಿಸಿಕೊಂಡು ಜೊತೆಗೂಡುವುದು ಎಂದಿಗೂ ತಪ್ಪು. ಆದರೆ ಆ ಉದ್ದೇಶವನ್ನು ಒಪ್ಪದೆ, ಗಂಭೀರವಾದ ಕಾರಣಕ್ಕಾಗಿ, ಅದರಿಂದ ಬರುವ ನ್ಯಾಯವಾದ ಪ್ರಯೋಜನವನ್ನು ಸ್ವೀಕರಿಸುವುದು ಬೇರೆ. ನಮೀಬಿಯಾದ ಹಳ್ಳಿಯವನಿಗೆ ಗೋಡೆಯ ಮೇಲಿನ ತಲೆ ಬೇಕಿಲ್ಲ. ಆನೆ ತುಳಿದ ಜೋಳಕ್ಕೆ ಪರಿಹಾರ ಬೇಕು. ಸಿಂಹ ಒಯ್ದ ಹಸುವಿಗೆ ಬದಲು ಬೇಕು. ಅವನು ಬೇಟೆಗಾರನ ಜಂಭದಲ್ಲಿ ಪಾಲುದಾರನಲ್ಲ.

ಕಾನೂನಿನ ವಿಷಯದಲ್ಲೂ ಅಕ್ವಿನಾಸರ ವಿವೇಕ ನಮಗೆ ನೆರವಾಗುತ್ತದೆ. ಮಾನವರ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲು ಹೊರಡಬಾರದು, ಹಾಗೆ ಹೊರಟರೆ ಇನ್ನೂ ದೊಡ್ಡ ಕೆಡುಕು ಹುಟ್ಟಬಹುದು ಎಂದು ಅವರು ಬೋಧಿಸಿದರು. ಅಂದರೆ, ಒಂದು ಕಾರ್ಯ ನೀತಿಯ ದೃಷ್ಟಿಯಲ್ಲಿ ಕೀಳು ಎಂದ ಮಾತ್ರಕ್ಕೆ ನಾಳೆಯೇ ಅದನ್ನು ಕಾನೂನಿನಿಂದ ಮುಚ್ಚಲೇಬೇಕೆಂದಿಲ್ಲ. ಮುಚ್ಚಿದ ಮರುದಿನ ಏನಾಗುತ್ತದೆ, ಯಾರ ಮೇಲೆ ಹೊರೆ ಬೀಳುತ್ತದೆ ಎಂದು ನೋಡಬೇಕು.

ಬೋಟ್ಸ್ವಾನಾ ದೇಶದ ಅನುಭವ ಇದನ್ನೇ ಹೇಳುತ್ತದೆ. ಸುಮಾರು 1,30,000 ಆನೆಗಳಿರುವ ಆ ದೇಶ 2014ರಲ್ಲಿ ಟ್ರೋಫಿ ಬೇಟೆಯನ್ನು ನಿಲ್ಲಿಸಿತು. ಬೆಳೆ ಕಳೆದುಕೊಂಡ, ಮನೆಯವರನ್ನು ಕಳೆದುಕೊಂಡ ಹಳ್ಳಿಗರ ಅಸಮಾಧಾನದ ನಡುವೆ 2019ರಲ್ಲಿ ನಿಷೇಧವನ್ನು ತೆಗೆಯಿತು. ಯೂರೋಪಿನ ದೇಶಗಳು ಬೇಟೆಯ ತಲೆಗಳ ಆಮದನ್ನು ತಡೆಯುವ ಮಾತನಾಡಿದಾಗ, 2024ರ ಏಪ್ರಿಲಿನಲ್ಲಿ ಅಂದಿನ ಅಧ್ಯಕ್ಷ ಮಸೀಸಿ ಅವರು, ಜರ್ಮನಿಗೆ 20,000 ಆನೆಗಳನ್ನು ಕಳುಹಿಸಿಕೊಡುತ್ತೇವೆ, ನೀವೇ ಅವುಗಳೊಡನೆ ಬಾಳಿ ನೋಡಿ ಎಂದು ಸವಾಲೆಸೆದರು. ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಪ್ರಕಟಿಸಿದವು. ಆದರೆ ಆ ಮಾತಿನೊಳಗೆ ನ್ಯಾಯದ ಕೂಗೊಂದಿದೆ: ಆನೆಯ ಅಂದ ನಿಮಗೆ, ಆನೆಯ ಕಾಲ್ತುಳಿತ ನಮಗೆಯೋ?

ಈ ಕೂಗು ನಮಗೆ ಅಪರಿಚಿತವಲ್ಲ. ಕಾಡಂಚಿನ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ಮುಂಜಾನೆ ಕಾಫಿ ತೋಟಕ್ಕೆ ಹೋದ ಕೂಲಿಯೊಬ್ಬರು ಆನೆಗೆ ಸಿಕ್ಕಿ ತೀರಿಕೊಂಡರು. ಅಂತ್ಯಕ್ರಿಯೆ ಮುಗಿದ ಮೇಲೆ ಅವರ ವೃದ್ಧ ತಾಯಿ ನನ್ನ ಕೈ ಹಿಡಿದುಕೊಂಡು ಹೇಳಿದರು: “ಆನೆ ನೋಡೋಕೆ ಪೇಟೆಯವರು ದುಡ್ಡು ಕೊಟ್ಟು ಬರ್ತಾರೆ ಫಾದರ್. ನಾವು ಜೀವ ಕೊಟ್ಟು ನೋಡಬೇಕು.” ಆ ತಾಯಿಗೆ ಆನೆಯ ಮೇಲೆ ದ್ವೇಷವಿರಲಿಲ್ಲ. ಲೆಕ್ಕ ಸರಿಯಿಲ್ಲ ಎಂದಷ್ಟೇ ಅವರು ಹೇಳಿದ್ದು.

ನಮ್ಮ ದೇಶ ಕಲಿಸುವ ಪಾಠ

ಭಾರತವು ಬೇರೆಯೇ ದಾರಿ ಹಿಡಿಯಿತು. ರಾಜಮಹಾರಾಜರ, ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲಿ ಇಲ್ಲಿ ನಡೆದ ಬೇಟೆಗೆ ಲೆಕ್ಕವಿಲ್ಲ. 1911ರಲ್ಲಿ ದೆಹಲಿ ದರ್ಬಾರಿಗೆ ಬಂದ ಐದನೆಯ ಜಾರ್ಜ್ ದೊರೆ ಮತ್ತು ಅವರ ಪರಿವಾರದವರು ನೇಪಾಳದ ಬೇಟೆಯಲ್ಲಿ ಕೆಲವೇ ದಿನಗಳಲ್ಲಿ 39 ಹುಲಿಗಳನ್ನು ಉರುಳಿಸಿದರು. ನಮ್ಮ ನೆಲದ ಚೀತಾ 1952ರ ಹೊತ್ತಿಗೆ ಪೂರ್ತಿಯಾಗಿ ಅಳಿದುಹೋಯಿತೆಂದು ಘೋಷಿಸಬೇಕಾಯಿತು. 2022ರಲ್ಲಿ ಅದನ್ನು ಮತ್ತೆ ತರಲು ಅದೇ ನಮೀಬಿಯಾದ ಬಾಗಿಲನ್ನೇ ತಟ್ಟಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರವು 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. 2006ರಲ್ಲಿ 1,411 ಎಂದು ಅಂದಾಜಾಗಿದ್ದ ಹುಲಿಗಳ ಸಂಖ್ಯೆ 2022ರ ಗಣತಿಯಲ್ಲಿ 3,682ಕ್ಕೆ ಏರಿತು. 2023ರ ಗಣತಿಯಂತೆ ನಮ್ಮ ರಾಜ್ಯದಲ್ಲಿರುವ ಆನೆಗಳು 6,395.

ಒಂದು ತಲೆಯನ್ನೂ ಮಾರದೆ ಕಾಡನ್ನು ಉಳಿಸಬಹುದೆಂಬುದಕ್ಕೆ ಇದು ಸಾಕ್ಷಿ. ಇದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಬೀಗುವ ಮೊದಲು, ಇದರ ಬೆಲೆಯನ್ನು ತೆತ್ತವರಾರೆಂದು ಕೇಳಬೇಕು. ಕಾಡಿನಿಂದ ಹೊರಬರಬೇಕಾದ ಜೇನುಕುರುಬರು, ಸೋಲಿಗರು; ರಾತ್ರಿಯಿಡೀ ಹೊಲದ ಅಟ್ಟಣೆಯ ಮೇಲೆ ತಮಟೆ ಬಡಿಯುತ್ತಾ ಕೂರುವ ಸಣ್ಣ ರೈತರು; ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆಯುವ ಕೂಲಿಯವರು. ಆಫ್ರಿಕದಲ್ಲಿ ಬೇಟೆಗಾರನ ಹಣ ಮಾಡುವ ಕೆಲಸವನ್ನು ಇಲ್ಲಿ ಬಡವರ ಮೌನ ಮಾಡುತ್ತಿದೆ. ಬೇಟೆಗಾರನ ಹಣದಲ್ಲಿ ಜಂಭವಿದ್ದರೆ, ಈ ಮೌನದ ಮೇಲೆ ನಿಂತ ನಮ್ಮ ಹೆಮ್ಮೆಯಲ್ಲಿ ಅನ್ಯಾಯವಿದೆ.

ನಾವು ಯಾವ ನಿರ್ಧಾರಕ್ಕೆ ಬರಬೇಕು?

ನನ್ನ ಅಭಿಪ್ರಾಯವನ್ನು ಮೂರು ಮಾತುಗಳಲ್ಲಿ ಹೇಳುತ್ತೇನೆ.

ಒಂದು: ಕೊಲ್ಲುವ ಸುಖಕ್ಕಾಗಿ, ಮೆರೆಯುವ ಸಲುವಾಗಿ ಪ್ರಾಣಿಯನ್ನು ಕೊಲ್ಲುವುದು ಕ್ರೈಸ್ತನಿಗೆ ಶೋಭಿಸುವುದಿಲ್ಲ. ಎಷ್ಟು ಹಣ ಕೊಟ್ಟರೂ ಆ ಸುಖ ಸದ್ಗುಣವಾಗುವುದಿಲ್ಲ. ಬೇಲಿಯೊಳಗೆ ಸಾಕಿದ ಸಿಂಹವನ್ನು ಹೊಡೆಯುವುದಕ್ಕಂತೂ ಕಾಡಿನ ಒಳಿತೆಂಬ ನೆಪವೂ ಇಲ್ಲ.

ಎರಡು: ಎಲ್ಲಿ ಒಂದು ಸಮುದಾಯದ ಬದುಕೂ, ಕಾಡಿನ ಉಳಿವೂ ಸದ್ಯಕ್ಕೆ ಈ ಹಣವನ್ನೇ ನೆಚ್ಚಿಕೊಂಡಿವೆಯೋ, ಎಲ್ಲಿ ಮುದಿಪ್ರಾಣಿಗಳನ್ನು ಮಾತ್ರ, ಮಿತಿಯೊಳಗೆ ತೆಗೆದು, ಹಣವು ನಿಜವಾಗಿ ಹಳ್ಳಿಗೆ ತಲುಪುತ್ತದೆಯೋ, ಅಲ್ಲಿ ಕಾನೂನು ಅದನ್ನು ಸಹಿಸಿಕೊಳ್ಳಬಹುದು. ಸಹಿಸುವುದೆಂದರೆ ಹೊಗಳುವುದಲ್ಲ. ಬೇರೆ ದಾರಿ ಸಿಗುವವರೆಗೆ, ದೊಡ್ಡ ಕೆಡುಕನ್ನು ತಪ್ಪಿಸಲು ಸಣ್ಣ ಕೆಡುಕನ್ನು ತಾಳಿಕೊಳ್ಳುವುದು.

ಮೂರು: ಬೇಟೆ ನಿಲ್ಲಬೇಕು ಎನ್ನುವವರು, ಮತ್ತು ನಾನೂ ಅವರಲ್ಲಿ ಒಬ್ಬ, ಆ ಹಣದ ಜಾಗದಲ್ಲಿ ತಮ್ಮ ಹಣವನ್ನು ಇಡಬೇಕು. ಬಡವನ ಜೋಳವನ್ನು ಆನೆಗೆ ದಾನ ಮಾಡುವ ಹಕ್ಕು ನಮಗಿಲ್ಲ. ಪ್ರವಾದಿ ನಾತಾನನು ದಾವೀದ ಅರಸನಿಗೆ ಹೇಳಿದ ಕಥೆ ನೆನಪಿದೆಯಲ್ಲವೇ? ಮಂದೆ ಮಂದೆ ಕುರಿಗಳಿದ್ದ ಶ್ರೀಮಂತ, ತನ್ನ ಅತಿಥಿಯ ಔತಣಕ್ಕೆ ಬಡವನ ಒಂದೇ ಕುರಿಮರಿಯನ್ನು ಹಿಡಿತಂದ. ಬೇಟೆಯನ್ನು ವಿರೋಧಿಸಿ ಸಹಿ ಹಾಕಿ, ಅದರ ವೆಚ್ಚವನ್ನು ಹಳ್ಳಿಯವನ ಮೇಲೆ ಹೊರಿಸಿದರೆ ನಾವೂ ಆ ಶ್ರೀಮಂತನ ಸಾಲಿಗೆ ಸೇರುತ್ತೇವೆ.

ಸೆಸಿಲ್ ಸಿಂಹ ಸಾಯುವ ಕೆಲವೇ ದಿನಗಳ ಮೊದಲು, 2015ರ ಜೂನ್ ತಿಂಗಳಲ್ಲಿ, ದಿವಂಗತ ಪೋಪ್ ಫ್ರಾನ್ಸಿಸ್ ಅವರ ಲೌದಾತೊ ಸೀ ವಿಶ್ವಪತ್ರ ಪ್ರಕಟವಾಗಿತ್ತು. ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆಬೇರೆಯಾಗಿ ಕೇಳಬಾರದೆಂಬುದು ಅದರ ತಿರುಳು. ಈ ವಿವಾದದಲ್ಲಿ ಒಂದು ಪಕ್ಷ ಭೂಮಿಯ ಅಳಲನ್ನು ಮಾತ್ರ ಕೇಳುತ್ತದೆ, ಇನ್ನೊಂದು ಬಡವರ ಅಳಲಿನ ಹಿಂದೆ ತನ್ನ ಬಂದೂಕನ್ನು ಬಚ್ಚಿಡುತ್ತದೆ. ಎರಡೂ ಕಿವಿಗಳನ್ನು ತೆರೆದಿಡುವುದು ನಮ್ಮ ಕರೆ.

ಇನ್ನು ಕುಟುಂಬಗಳಿಗೆ ಒಂದು ಮಾತು. ಬಂಡೀಪುರಕ್ಕೋ ನಾಗರಹೊಳೆಗೋ ಮಕ್ಕಳನ್ನು ಕರೆದೊಯ್ಯುವಾಗ ಆನೆಯನ್ನು ತೋರಿಸಿ ಬರುವುದಷ್ಟೇ ಸಾಲದು. ಹಿಂದಿರುಗುವ ದಾರಿಯಲ್ಲಿ ಕಾಡಂಚಿನ ಹೊಲದಲ್ಲಿ ಕಾಣುವ ಅಟ್ಟಣೆಯನ್ನೂ ತೋರಿಸಿ, ಅಲ್ಲಿ ರಾತ್ರಿ ಯಾರು ಎಚ್ಚರವಾಗಿರುತ್ತಾರೆ, ಏಕೆ ಎಂದು ಹೇಳಿ. ಆನೆಯಿಂದ ನಷ್ಟಹೊಂದಿದ ಕುಟುಂಬವೊಂದು ನಿಮ್ಮ ಧರ್ಮಕೇಂದ್ರದಲ್ಲಿದ್ದರೆ, ಪರಿಹಾರದ ಅರ್ಜಿ ಬರೆದುಕೊಡಲು ಓದಿದ ಯುವಕರು ಮುಂದೆ ಬರಲಿ. ಎಷ್ಟೋ ಮನೆಗಳಿಗೆ ಸಿಗಬೇಕಾದ ಹಣ ಕಾಗದಪತ್ರವಿಲ್ಲದೆ ನಿಂತುಹೋಗುತ್ತದೆ. ವರ್ಷಕ್ಕೊಮ್ಮೆ, ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದಂದು, ಸಾಕುಪ್ರಾಣಿಗಳನ್ನು ಆಶೀರ್ವದಿಸುವ ಜೊತೆಗೆ ಅಂತಹ ಒಂದು ಕುಟುಂಬಕ್ಕಾಗಿ ಕಾಣಿಕೆ ಎತ್ತಬಹುದು. ಎರಡು ಕೋಟಿ ಕೊಟ್ಟು ತಲೆಯೊಂದನ್ನು ಗೋಡೆಗೆ ಏರಿಸುವ ಶಕ್ತಿ ನಮಗಿಲ್ಲ. ನೂರು ರೂಪಾಯಿ ಕೊಟ್ಟು ಆನೆಯನ್ನು ಕಾಡಿನಲ್ಲೂ, ರೈತನನ್ನು ಅವನ ಹೊಲದಲ್ಲೂ ಉಳಿಸುವ ಶಕ್ತಿಯಿದೆ.